ಅರವತ್ತೊಂದು ಚುಕ್ಕೆಗಳು

ಎರಡು ಚುಕ್ಕೆಗಳು ನದಿಯೊಳಗೆ ಬಿದ್ದಿದ್ದವು. ಇನ್ನೊಂದು ಟಾರು ರಸ್ತೆಯ ನಟ್ಟನಡುವೆ.

"ಇದೇನಿದು, ನಿಮ್ಮ ಕಣಿವೆಯೋರು ಮೀನನ್ನೂ ನೆಲ ಅಗೆದೇ ಹಿಡೀತಾರಾ?" ಎಂದು ಪ್ರೊಫೆಸರ್ ಟಿಬೊರ್ ಪರದೆಯ ಮೇಲಿನ ನಕ್ಷೆಯತ್ತ ಪೆನ್ಸಿಲ್ ಚಾಚಿದರು.

ನೆವಿಯಾ ಬೆಂಚಿಚ್ ನಕ್ಕಳು. ಸೋಮವಾರ ಮಧ್ಯಾಹ್ನ, ಭೂಗೋಳ ವಿಭಾಗದ ಮೂರನೆಯ ಮಹಡಿಯ ಕೋಣೆಯಲ್ಲಿ ಅವರಿಬ್ಬರೇ ಇದ್ದರು. ಗುರುವಾರ ಹನ್ನೊಂದು ಗಂಟೆಗೆ ಅವಳು ಆಯ್ಕೆ ಸಮಿತಿಯ ಮುಂದೆ ನಲವತ್ತೈದು ನಿಮಿಷ ಉಪನ್ಯಾಸ ಕೊಡಬೇಕು, ಇದು ಅದರ ಕೊನೆಯ ತಾಲೀಮು. ಸಮಿತಿ ಒಪ್ಪಿದರೆ ಕಾಯಂ ಕೆಲಸ. ಒಪ್ಪದಿದ್ದರೆ ಡಿಸೆಂಬರ್ ಕೊನೆಗೆ ಕರಾರು ಮುಗಿಯುತ್ತದೆ. ಏಳು ವರ್ಷ ಹಂಗಾಮಿಯಾಗಿ ದುಡಿದ ಮೂವತ್ತಾರರ ಹೆಂಗಸನ್ನು ಬೇರೆ ಯಾವ ವಿಭಾಗವೂ ತೆಗೆದುಕೊಳ್ಳುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಸರಿಸಿದ್ದೀನಿ ಸರ್. ಯಾವ ಮರದ ಬುಡ ಅಂತ ಯಾರಿಗೂ ಗೊತ್ತಾಗಲ್ಲ ಅಂತ ಅಗೆಯೋರಿಗೆ ಮಾತು ಕೊಟ್ಟಿದ್ದೆನಲ್ಲ. ಅದಕ್ಕೆ ಪ್ರತಿ ಚುಕ್ಕೆಯನ್ನೂ ನಾನೂರು ಮೀಟರ್ ಈಶಾನ್ಯಕ್ಕೆ ತಳ್ಳಿದೆ."

"ಪ್ರತಿಯೊಂದನ್ನೂ?"

"ಹೂಂ."

"ಒಂದೇ ದಿಕ್ಕಿಗೆ?"

"ಚುಕ್ಕೆ ಚುಕ್ಕೆ ನಡುವಿನ ದೂರ ಕೆಡಬಾರದಲ್ಲ ಸರ್. ಪ್ರಬಂಧ ನಿಂತಿರೋದೇ ಅದರ ಮೇಲೆ."

ಅದು ನಿಜ. ಮಿರ್ನಾ ನದಿಯ ದಂಡೆಯ ಓಕ್ ಕಾಡಿನಲ್ಲಿ, ಬೇರುಗಳ ಸಂದಿಯಲ್ಲಿ, ಚಿನ್ನದ ಬೆಲೆಯ ಬಿಳಿಯ ನೆಲದಣಬೆ, ಟ್ರಫಲ್, ಹುಟ್ಟುತ್ತದೆ. ಮನುಷ್ಯರ ಕಣ್ಣಿಗೆ ಕಾಣದು, ನಾಯಿಯ ಮೂಗಿಗೆ ಮಾತ್ರ ಸಿಗುತ್ತದೆ. ಅದು ಹುಟ್ಟುವ ಜಾಗಗಳನ್ನು ಅಗೆಯುವವರು ಹೆಂಡತಿಗೆ ಹೇಳುವುದಿಲ್ಲ, ಪಾದ್ರಿಯ ಮುಂದೆಯೂ ಬಾಯಿಬಿಡುವುದಿಲ್ಲ. ಅಂಥ ಹನ್ನೊಂದು ಜನ ಮೂರು ಶರತ್ಕಾಲ ನೆವಿಯಾಳನ್ನು ಒಬ್ಬೊಬ್ಬರಾಗಿ ತಮ್ಮ ಜೊತೆ ಕರೆದೊಯ್ದಿದ್ದರು. ಒಟ್ಟು ಅರವತ್ತೊಂದು ಜಾಗ. ಒಬ್ಬನ ಜಾಗ ಇನ್ನೊಬ್ಬನ ಜಾಗಕ್ಕೆ ತೊಂಬತ್ತು ಹೆಜ್ಜೆಗಿಂತ ಹತ್ತಿರ ಎಲ್ಲೂ ಇರಲಿಲ್ಲ. ಯಾರೂ ಯಾರನ್ನೂ ಕೇಳದೆ, ಬೇಲಿ ಹಾಕದೆ, ತಮ್ಮತಮ್ಮಲ್ಲೇ ಕಾಡನ್ನು ಹಂಚಿಕೊಂಡಿದ್ದರು. ಈ ಮಾತಿಲ್ಲದ ಗಡಿಯೇ ಅವಳು ಕಂಡುಹಿಡಿದದ್ದು. ಪ್ರಬಂಧ ಸೆಪ್ಟೆಂಬರಿನಲ್ಲಿ ಅಚ್ಚಾಯಿತು, ನಕ್ಷೆಯನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ತೆರೆದು ನೋಡಬಹುದಿತ್ತು. ಹುದ್ದೆಗೆ ಆರು ಪ್ರಬಂಧ ಬೇಕು ಎಂಬುದು ನಿಯಮ, ಅವಳದು ಸರಿಯಾಗಿ ಆರು. ಅದೇ ಆರನೆಯದು.

ಪ್ರೊಫೆಸರ್ ನಗುವುದನ್ನು ನಿಲ್ಲಿಸಿದ್ದರು. "ಈ ಚುಕ್ಕೆ ಯಾವುದು? ಕೆಳಗೆ 'ಪ್ರದರ್ಶನ ಸ್ಥಳ' ಅಂತ ಬರೆದಿದ್ದೀಯ."

"ಪ್ರವಾಸಿಗರನ್ನ ಕರ್ಕೊಂಡು ಹೋಗೋ ಜಾಗ. ಅದೇನೂ ಗುಟ್ಟಲ್ಲ. ಬಿಟ್ಟರೆ ಲೆಕ್ಕ ಅರವತ್ತಾಗ್ತಿತ್ತು, ಅಧ್ಯಯನ ಪೂರ್ತಿ ಆಗ್ತಿರಲಿಲ್ಲ."

"ಗೊತ್ತು. ನನ್ನ ಭಾಮೈದ ಜರ್ಮನಿಯಿಂದ ಬಂದಾಗ ಹೋಗಿದ್ವಿ. ದೊಡ್ಡ ಬೋರ್ಡು ಹಾಕಿದ್ದಾರೆ. ಆದರೆ ಅದು ನದಿಯ ಈ ಕಡೆ."

ಅವರು ಕುರ್ಚಿಯನ್ನು ಮುಂದಕ್ಕೆಳೆದು ಮೌಸ್ ಹಿಡಿದರು. ಆ ಒಂದು ಚುಕ್ಕೆಯನ್ನು ಬೋರ್ಡು ಇರುವ ಜಾಗಕ್ಕೆ ನಿಧಾನವಾಗಿ ಎಳೆದರು. ಉಳಿದ ಅರವತ್ತೂ ಅದರ ಹಿಂದೆಯೇ ಜಾರಿಕೊಂಡು ಬಂದವು. ನದಿಯಲ್ಲಿದ್ದ ಎರಡು ದಡ ಹತ್ತಿದವು. ರಸ್ತೆಯ ಮೇಲಿದ್ದದ್ದು ಮರಗಳ ಗುಂಪಿನೊಳಗೆ ಹೋಗಿ ಕೂತಿತು.

ಅರವತ್ತೊಂದೂ ನಿಜವಾದ ಜಾಗಕ್ಕೆ ಬರಲು ಹತ್ತು ಸೆಕೆಂಡೂ ಹಿಡಿಯಲಿಲ್ಲ.

ನೆವಿಯಾ ಪರದೆಯತ್ತ ಬಗ್ಗಿದಳು. ಮೂರು ವರ್ಷ ಆ ಚುಕ್ಕೆಗಳನ್ನು ಎದುರಿಗಿಟ್ಟುಕೊಂಡು ಕೂತವಳಿಗೆ ಇದು ಹೊಳೆದಿರಲಿಲ್ಲ. ಅಳತೆ ಕೆಡಬಾರದು ಎಂಬುದೊಂದೇ ತಲೆಯಲ್ಲಿತ್ತು.

"ಗುರುವಾರ ಈ ಪ್ರಶ್ನೆ ಯಾರಾದರೂ ಕೇಳಬಹುದು. ಉತ್ತರ ಸಿದ್ಧ ಮಾಡ್ಕೋ," ಎಂದರು ಪ್ರೊಫೆಸರ್.

ಅಷ್ಟರಲ್ಲಿ ಅವಳ ಫೋನು ಮೇಜಿನ ಮೇಲೆ ಗುರುಗುಟ್ಟಿತು. ಬಾರ್ಬಾ ಡುಯಿಲಿಯೊ. ಆ ಕಣಿವೆಯಲ್ಲಿ ವಯಸ್ಸಾದ ಗಂಡಸರನ್ನೆಲ್ಲ ಬಾರ್ಬಾ ಎಂದೇ ಕರೆಯುವುದು. ತನ್ನ ನಾಯಿ ಪೆರ್ಲಾಳ ಜೊತೆ ಮೊದಲು ಅವಳನ್ನು ಕಾಡಿಗೆ ಕರೆದೊಯ್ದವನು ಅವನೇ, ಉಳಿದ ಹತ್ತು ಜನರನ್ನು ಒಪ್ಪಿಸಿದವನೂ ಅವನೇ. ಅವನು ತಾನಾಗಿ ಫೋನು ಮಾಡಿದ್ದು ಇದುವರೆಗೆ ಇಲ್ಲ.

"ಪೆರ್ಲಾ ಹೋದಳು," ಎಂದ.

"ಎಲ್ಲಿಗೆ ಹೋದಳು?"

"ಸತ್ತಳು ಮಗಳೇ. ನಿನ್ನೆ ಬೆಳಿಗ್ಗೆ. ಮಾಂಸದುಂಡೆಯಲ್ಲಿ ವಿಷ ಇಟ್ಟಿದ್ದಾರೆ. ನಡುಕ ಹತ್ತಿ, ನೊರೆ ಬಂದು, ಡಾಕ್ಟರ ಹತ್ರ ತಲುಪೋದ್ರೊಳಗೆ ಮುಗೀತು." ಅವನ ದನಿ ಸಪಾಟಾಗಿತ್ತು. "ನಿನ್ನ ಜೊತೆ ತುಂಬ ಓಡಾಡಿದ್ದಳಲ್ಲ. ಹೇಳೋಣ ಅನ್ನಿಸ್ತು."

"ಯಾವ ಜಾಗದಲ್ಲಿ ಬಾರ್ಬಾ?"

ಫೋನಿನಲ್ಲಿ ಜಾಗದ ಮಾತಾಡುವುದು ಅವನ ಅಭ್ಯಾಸವಲ್ಲ. "ನಿನಗೆ ತೋರಿಸಿದ್ದೆನಲ್ಲ. ಎರಡನೇದು."

ಅವಳು ಫೋನಿಟ್ಟಾಗ ಪ್ರೊಫೆಸರ್ ಎಲ್ಲ ಕೇಳಿಸಿಕೊಂಡಿದ್ದರು. ಎದ್ದು ಹೋಗಿ ಬಾಗಿಲು ಹಾಕಿದರು.

"ಎದುರಾಳಿಯ ನಾಯಿ ಕೊಲ್ಲೋಕೆ ವಿಷ ಪ್ರತಿವರ್ಷ ಇಡ್ತಾರೆ ನೆವಿಯಾ. ನೀನು ನಕ್ಷೆ ಬರೆಯೋಕೆ ಮುಂಚೆಯೂ ಇಡ್ತಿದ್ರು."

"ನಕ್ಷೆ ತೆಗೆಸಬೇಕು ಸರ್."

"ನಕ್ಷೆ ತೆಗೆದರೆ ಪ್ರಬಂಧದಲ್ಲಿ ಉಳಿಯೋದೇನು? ಪತ್ರಿಕೆಯೋರು ಪೂರ್ತಿ ಹಿಂತೆಗೀತಾರೆ. ಆಮೇಲೆ ನಿನ್ನದು ಐದು. ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತೆ, ಉಪನ್ಯಾಸಕ್ಕೆ ಕರೆಯೋದೂ ಇಲ್ಲ." ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಮೂರು ದಿನ ಸುಮ್ಮನಿರು. ಗುರುವಾರ ಸಂಜೆ ಏನು ಬೇಕಾದರೂ ಬರೆ. ನಾನೇ ಜೊತೆಗೆ ಸಹಿ ಹಾಕ್ತೀನಿ."

ಒಂದು ನಾಯಿ, ಒಂದು ಜಾಗ. ಕಾಕತಾಳೀಯ ಇದ್ದರೂ ಇರಬಹುದು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಅದನ್ನೇ ಹೇಳಿಕೊಂಡಳು.

*

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಕಾಡಿನ ಅಂಚಿನ ಮಣ್ಣು ರಸ್ತೆಯಲ್ಲಿ ಕಾರು ನಿಲ್ಲಿಸಿದಾಗ ಡುಯಿಲಿಯೊ ಕಾಯುತ್ತಿದ್ದ. ಅರವತ್ತೆಂಟರ ಒಣಕಲು ಮನುಷ್ಯ, ಮೊಣಕಾಲುದ್ದ ರಬ್ಬರ್ ಬೂಟು, ಹೆಗಲಿಗೆ ಸಣ್ಣ ಗುದ್ದಲಿ. ಪಕ್ಕದಲ್ಲಿ ನಾಯಿ ಇಲ್ಲದೆ ಅವನನ್ನು ಅವಳು ನೋಡಿದ್ದೇ ಇಲ್ಲ. ಎಡಗೈ ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಅದನ್ನು ಜೇಬಿಗೆ ಹಾಕಿ ತೆಗೆದು ಮಾಡುತ್ತಿದ್ದ.

"ಏನು ಪ್ರೊಫೆಸರಮ್ಮ, ಪಾಠ ಬಿಟ್ಟು ಬಂದೆ?"

"ಇನ್ನೂ ಎಲ್ಲಾದರೂ ಇಟ್ಟಿದ್ದಾರಾ ಅಂತ ನೋಡೋಣ ಬಾರ್ಬಾ. ನಿಮ್ಮ ಜಾಗಗಳಲ್ಲಿ."

"ಇಡೀ ಕಾಡು ಬಿಟ್ಟು ನನ್ನ ಜಾಗದಲ್ಲೇ ಯಾಕೆ ಇರುತ್ತೆ?" ಎಂದ. ಅವಳ ಮುಖವನ್ನೊಮ್ಮೆ ನೋಡಿ ನಡೆಯತೊಡಗಿದ.

ಮೊದಲನೆಯ ಜಾಗ ಹಳೆಯ ಕಾಲುವೆಯ ಬದಿಯಲ್ಲಿ. ಡುಯಿಲಿಯೊ ಬಗ್ಗಿ ಎಲೆಗಳನ್ನು ಕೋಲಿನಿಂದ ಸರಿಸಿದ. ನಿಂಬೆಹಣ್ಣಿನಷ್ಟು ದಪ್ಪದ ಉಂಡೆ. ಅದನ್ನು ಒಡೆದರೆ ಒಳಗೆ ನೀಲಿ ಕಾಳುಗಳು, ತೋಟದಲ್ಲಿ ಬಸವನಹುಳಕ್ಕೆ ಹಾಕುವ ಔಷಧ. ಅವನು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ.

ಮೂರನೆಯದರಲ್ಲಿ ಎರಡು. ನಾಲ್ಕನೆಯದರಲ್ಲಿ ಒಂದನ್ನು ಯಾವುದೋ ಪ್ರಾಣಿ ಅರ್ಧ ತಿಂದು ಬಿಟ್ಟಿತ್ತು. ದಾರಿಯಲ್ಲಿ ಸಿಕ್ಕ ಬೇರೆ ಮರಗಳ ಬುಡದಲ್ಲೂ ಅವಳು ಹುಡುಕಿದಳು. ಸಿಗಲಿ ಎಂದೇ ಹುಡುಕಿದಳು. ಒಂದೇ ಒಂದು ಸಿಕ್ಕಿದ್ದರೂ ಸಾಕಿತ್ತು, ನಕ್ಷೆಯ ತಪ್ಪಲ್ಲ ಎನ್ನಬಹುದಿತ್ತು. ಏನೂ ಇರಲಿಲ್ಲ.

ಐದನೆಯದರಲ್ಲಿ ಇತ್ತು. ಆರನೆಯದರಲ್ಲೂ. ಆರನೆಯ ಜಾಗದಲ್ಲಿ ಡುಯಿಲಿಯೊ ಬಿದ್ದ ಮರದ ಮೇಲೆ ಕೂತು ಸಿಗರೇಟು ಹಚ್ಚಿದ.

"ಈ ಜಾಗ ನಮ್ಮಪ್ಪ ಸಾಯೋ ಮುಂಚೆ ತೋರಿಸಿದ್ದು," ಎಂದ. "ನಮ್ಮ ಎರ್ಮಿನಿಯಾ ಐವತ್ತು ವರ್ಷದಿಂದ ಅದೇ ಮನೇಲಿದ್ದಾಳೆ, ಸ್ವಂತ ತಂಗಿ, ಅವಳಿಗೆ ಗೊತ್ತಿಲ್ಲ. ನನ್ನ ಆರೂ ಜಾಗ ಗೊತ್ತಿರೋ ಮನುಷ್ಯರು ಭೂಮಿ ಮೇಲೆ ಇಬ್ಬರೇ." ಅವನು ಹೊಗೆ ಬಿಟ್ಟ. "ಒಬ್ಬ ನಾನು."

ಅವಳು ನಿಂತೇ ಇದ್ದಳು. ಬೂಟಿನೊಳಗೆ ನೀರು ನುಗ್ಗಿತ್ತು.

"ಯಾರಿಗೆ ಮಾರಿದೆ?"

"ಮಾರಲಿಲ್ಲ ಬಾರ್ಬಾ. ಅಚ್ಚು ಹಾಕಿದೆ."

ಅವಳು ಹೇಳಿದಳು. ನಾನೂರು ಮೀಟರ್, ಈಶಾನ್ಯ, ಪ್ರದರ್ಶನ ಸ್ಥಳದ ಬೋರ್ಡು. ವಿಜ್ಞಾನದ ಮಾತೊಂದನ್ನೂ ಬಳಸದೆ ಹೇಳುವುದಕ್ಕೆ ನಾಲ್ಕು ವಾಕ್ಯ ಸಾಕಾಯಿತು. ಡುಯಿಲಿಯೊ ಪೂರ್ತಿ ಕೇಳಿದ.

"ಅಂದ್ರೆ ನೀನು ನಮ್ಮನೆಯ ಬೀಗದಕೈಯನ್ನ ಪಕ್ಕದ ಕಿಟಕಿ ಮೇಲಿಟ್ಟು, ಬಚ್ಚಿಟ್ಟಿದ್ದೀನಿ ಅಂದುಕೊಂಡೆ."

"ಹೌದು."

"ನಾನು ಎಂಟನೇ ಕ್ಲಾಸು. ನನ್ನನ್ನೇ ಕೇಳಿದ್ರೂ ಹೇಳ್ತಿದ್ದೆ." ಸಿಗರೇಟನ್ನು ಒದ್ದೆ ಎಲೆಗೆ ಒತ್ತಿದ. "ಉಳಿದೋರದ್ದು?"

"ಎಲ್ಲ ಇದೆ ಅದರಲ್ಲಿ."

ಅವನು ಫೋನು ತೆಗೆದ. ಒಬ್ಬೊಬ್ಬರಿಗೂ ಒಂದೇ ಮಾತು ಹೇಳಿದ: ನಾಯಿಗಳನ್ನು ಕಟ್ಟಿ, ಮಧ್ಯಾಹ್ನ ತೂಕದ ಶೆಡ್ಡಿಗೆ ಬನ್ನಿ.

*

ಅಣಬೆ ಕೊಳ್ಳುವವರು ಬಂದು ತೂಗುವ ಆ ತಗಡಿನ ಶೆಡ್ಡಿನಲ್ಲಿ ಹನ್ನೊಂದು ಜನ ಗೋಡೆಗೆ ಒರಗಿ ನಿಂತಿದ್ದರು. ಮೇಜಿನ ಮೇಲೆ ಚೀಲ ಬಿಚ್ಚಿಟ್ಟಿತ್ತು. ನೆವಿಯಾ ಎರಡನೆಯ ಬಾರಿ ಅದೇ ನಾಲ್ಕು ವಾಕ್ಯ ಹೇಳಿದಳು. ಹೇಳಿ ಮುಗಿಸಿದ ಮೇಲೆ ಯಾರೂ ಅವಳನ್ನು ನೋಡಲಿಲ್ಲ. ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅದು ಅವಳನ್ನು ಹೆಚ್ಚು ಹೆದರಿಸಿತು.

ಹನ್ನೊಂದರಲ್ಲಿ ಹಿರಿಯವನು ಒರಿಯಾನೊ, ದಪ್ಪ ಕುತ್ತಿಗೆಯ ಮುದುಕ. ಅವನ ಜಾಗಗಳು ಡುಯಿಲಿಯೊನ ಜಾಗಗಳ ಮಗ್ಗುಲಿಗೇ ಇದ್ದವು. ಇಬ್ಬರೂ ಇಪ್ಪತ್ತು ವರ್ಷದಿಂದ ಒಬ್ಬರ ಮೇಲೊಬ್ಬರು ಕಣ್ಣಿಟ್ಟವರೇ.

"ನನ್ನ ಜಾಗ ನಾನು ನೋಡ್ಕೋತೀನಿ," ಎಂದು ಒಬ್ಬ ಬಾಗಿಲ ಕಡೆ ಹೊರಟ.

"ನಿಂತ್ಕೋ," ಎಂದ ಒರಿಯಾನೊ. "ಹನ್ನೊಂದು ಜನ ಒಟ್ಟಿಗೆ ಒಳಗೆ ನುಗ್ಗಿದ್ರೆ ಯಾರು ಯಾರ ಹಿಂದೆ ಹೋದ್ರು ಅಂತ ಯಾರಿಗೆ ಗೊತ್ತು? ನಾಯಿ ಇಲ್ಲದೆ ನೆಟ್ಟಗೆ ನಡೆದುಹೋಗಿ ನಿಲ್ಲೋದು ಅಂದ್ರೆ ಜಾಗ ತೋರಿಸಿದ ಹಾಗೇ. ಅದೂ ಅಲ್ಲದೆ ಈ ಉಂಡೆ ಕಟ್ಟಿದ ಕೈ ಈ ಶೆಡ್ಡಲ್ಲೇ ಇಲ್ಲ ಅಂತ ಯಾರು ಹೇಳ್ತೀರಿ? ನೀನು ಹೇಳ್ತೀಯಾ ಡುಯಿಲಿಯೊ?"

"ನನ್ನ ನಾಯಿ ಸತ್ತಿದೆ ಕಣಯ್ಯ."

"ಮುದಿ ನಾಯಿ. ಹೇಗೂ ಮೂಗು ಹೋಗಿತ್ತು."

ಡುಯಿಲಿಯೊ ಮುಂದೆ ಬಂದ. ಬೇರೆ ಇಬ್ಬರು ಮಧ್ಯೆ ನಿಂತು ತಡೆದರು. ಮೂರು ವರ್ಷ ಅವಳು ಅಧ್ಯಯನ ಮಾಡಿದ ಮಾತಿಲ್ಲದ ಗಡಿ ಅಲ್ಲಿ, ಅವಳ ಕಣ್ಣೆದುರಿಗೇ ಕುಸಿಯುತ್ತಿತ್ತು. ಪರದೆಯ ಮೇಲೆ ಅಷ್ಟು ಚೆಂದ ಕಂಡದ್ದು.

"ಪೊಲೀಸರು?" ಎಂದಳು.

"ಅವರಿಗೂ ನಕ್ಷೆ ಕೊಡ್ತೀಯಾ?" ಎಂದ ಒರಿಯಾನೊ. ಯಾರೋ ಮೂಗಿನಲ್ಲೇ ನಕ್ಕರು. ಅವನು ಅವಳ ಕಡೆ ತಿರುಗಿದ. "ಎಲ್ಲರ ಜಾಗ ಗೊತ್ತಿರೋಳು ನೀನೊಬ್ಬಳೇ. ನಾಯಿ ಸಾಕಿಲ್ಲ, ಅಗೆಯೋಕೆ ಬರಲ್ಲ. ನೀನು ಹೋಗು. ಒಬ್ಬಳೇ. ನಾವೆಲ್ಲ ರಸ್ತೆ ಮೇಲೆ ಒಬ್ಬರಿಗೊಬ್ಬರು ಕಾಣೋ ಹಾಗೆ ನಿಂತಿರ್ತೀವಿ. ಹೊರಗಿನೋರನ್ನೂ ಒಳಗೆ ಬಿಡಲ್ಲ. ನೀನು ಮುಗಿಸೋವರೆಗೆ ಯಾರ ಕಾಲೂ ಒಳಗೆ ಬೀಳಬಾರದು."

"ಒಂದು ನಾಯಿ ಕೊಡಿ. ಬಾಯಿ ಕಟ್ಟಿ ಕರ್ಕೊಂಡು ಹೋಗ್ತೀನಿ. ಉಂಡೆಯ ವಾಸನೆ ಬೇಗ ಹಿಡಿಯುತ್ತೆ."

ಎಲ್ಲರೂ ಒಟ್ಟಿಗೆ ಬೇಡವೆಂದು ತಲೆಯಾಡಿಸಿದರು. ಆ ದಿನ ಅವರೆಲ್ಲ ಒಮ್ಮತವಾದದ್ದು ಅದೊಂದಕ್ಕೇ.

"ನಾಯಿ ಮರೆಯಲ್ಲ ಮಗಳೇ," ಎಂದ ಡುಯಿಲಿಯೊ, ಬೇಸರದಿಂದ. "ಯಾರ ನಾಯಿ ಕೊಟ್ರೂ ಬರೋ ವರ್ಷ ಅದು ಒಡೆಯನನ್ನ ಇನ್ನೊಬ್ಬರ ಮರಕ್ಕೇ ಎಳ್ಕೊಂಡು ಹೋಗುತ್ತೆ. ನಾಯಿ ಕೊಡೋದೂ ನಕ್ಷೆ ಕೊಡೋದೂ ಒಂದೇ."

ಐವತ್ತೈದು ಜಾಗ ಉಳಿದಿತ್ತು. ಜವುಗು ನೆಲ, ಮುಳ್ಳು ಪೊದೆ, ಎಲೆ ಎಲೆ ಎತ್ತಿ ನೋಡಬೇಕು. ಬೇಗ ಕತ್ತಲಾಗುವ ಕಾಲ. ದಿನಕ್ಕೆ ಇಪ್ಪತ್ತೈದು ಆದರೆ ಹೆಚ್ಚು. ಅವಳು ಲೆಕ್ಕ ಹಾಕಿದಳು. ಲೆಕ್ಕ ಗುರುವಾರ ಹನ್ನೊಂದು ಗಂಟೆಯನ್ನು ದಾಟಿ ಹೋಯಿತು.

"ಶುಕ್ರವಾರದಿಂದ ಆಗಲ್ವಾ?" ಅವಳ ಬಾಯಿಂದ ತಾನಾಗಿ ಬಂತು. "ಗುರುವಾರ ನನಗೆ ಒಂದು ಪರೀಕ್ಷೆ ಇದೆ. ಕೆಲಸದ್ದು."

ಒರಿಯಾನೊ ಆಶ್ಚರ್ಯಪಡಲಿಲ್ಲ. "ಗುರುವಾರ ಸಂಜೆಗೆ ಮಳೆ ಅಂತಾರೆ. ಉಂಡೆ ಕರಗಿ ಬೇರಿಗಿಳಿದ ಮೇಲೆ ಹುಡುಕೋಕೆ ಏನೂ ಉಳಿದಿರಲ್ಲ. ಆಮೇಲೆ ಮಣ್ಣು ನೆಕ್ಕಿದ ನಾಯೀನೂ ಸಾಯುತ್ತೆ." ಚೀಲದಿಂದ ಕಣ್ಣೆತ್ತಿ, "ಪರೀಕ್ಷೆಯಲ್ಲಿ ಏನು ಕೇಳ್ತಾರೆ?" ಎಂದ.

"ಈ ನಕ್ಷೆ ಬಗ್ಗೆ."

ಶೆಡ್ಡಿನಲ್ಲಿ ಯಾರೂ ನಗಲಿಲ್ಲ.

ಅವಳು ಹೊರಗೆ ಬಂದು ಕಾರಿನ ಬಾನೆಟ್ಟಿಗೆ ಒರಗಿ ನಿಂತಳು. ಏಳು ವರ್ಷ. ಐದು ಪ್ರಬಂಧ ಮತ್ತು ಒಂದು. ಕೆಲಸ ಸಿಕ್ಕಿತೆಂದೇ ತಾಯಿಗೆ ಆಗಲೇ ಹೇಳಿಯಾಗಿತ್ತು, ತಾಯಿ ನೆರೆಯವರಿಗೆ ಹೇಳಿಯಾಗಿತ್ತು. ಕಾರಿನಲ್ಲಿ ಕೂತು ಹೊರಟುಹೋದರೆ ಈ ಹನ್ನೊಂದು ಜನ ಏನು ಮಾಡಿಯಾರು? ಯಾವ ಸಮಿತಿಗೂ ಪತ್ರ ಬರೆಯುವವರಲ್ಲ. ಪ್ರೊಫೆಸರ್ ಹೇಳಿದ್ದು ಸರಿಯೇ, ಮೂರೇ ದಿನ. ಆದರೆ ಉಪನ್ಯಾಸ ಮುಗಿದು ಅವಳು ಮತ್ತೆ ಇಲ್ಲಿಗೆ ಬರುವಷ್ಟರಲ್ಲಿ, ಒಬ್ಬರನ್ನೊಬ್ಬರು ನಂಬಿ ತೊಂಬತ್ತು ಹೆಜ್ಜೆ ಬಿಟ್ಟು ನಿಲ್ಲುವ ಜನ ಇಲ್ಲಿ ಉಳಿದಿರುವುದಿಲ್ಲ. ಆಗ ಅವಳು ಕಾಯಂ ಆಗುವುದು ಅಸ್ತಿತ್ವದಲ್ಲೇ ಇಲ್ಲದ ವಿಷಯದಲ್ಲಿ.

ಫೋನು ತೆಗೆದು ಪತ್ರಿಕೆಯ ಸಂಪಾದಕರಿಗೆ ಬರೆದಳು. ನಕ್ಷೆಯಿಂದ ಜನರಿಗೆ ಅಪಾಯವಾಗಿದೆ, ತಪ್ಪು ನನ್ನದು, ಪ್ರಬಂಧವನ್ನು ಇವತ್ತೇ ಹಿಂತೆಗೆಯಿರಿ. ಒತ್ತುವ ಮುಂಚೆ ಬೆರಳು ನಿಂತಿತು. ಆಮೇಲೆ ಒತ್ತಿದಳು. ಗಂಟೆಯೊಳಗೆ ಉತ್ತರ ಬಂತು, ನಕ್ಷೆ ತೆಗೆಯಲಾಗಿದೆ, ಉಳಿದದ್ದು ವಿಚಾರಣೆಯಲ್ಲಿದೆ ಎಂದು. ಅಷ್ಟು ಹೊತ್ತಿಗೆ ಅವಳು ಏಳನೆಯ ಜಾಗದಲ್ಲಿ ಮಂಡಿಯೂರಿ ಎಲೆ ಕೆದಕುತ್ತಿದ್ದಳು.

*

ಬುಧವಾರ ಸಂಜೆ ಪ್ರೊಫೆಸರ್ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ನನಗೊಂದು ಮಾತು ಹೇಳಬಾರದಿತ್ತೇ?"

"ಹೇಳಿದ್ದರೆ ಬೇಡ ಅಂತಿದ್ರಿ."

"ಅಂತಿದ್ದೆ. ಆಗಲೂ ನೀನು ಕೇಳ್ತಿರಲಿಲ್ಲ ಬಿಡು." ಅವರ ಉಸಿರು ಕೇಳಿಸಿತು. "ಪತ್ರಿಕೆಯಿಂದ ಸುದ್ದಿ ಬಂದು ಸಮಿತಿ ನಿನ್ನ ಹೆಸರು ಪಟ್ಟಿಯಿಂದ ತೆಗೆದಿದೆ. ನಾಳೆ ಇನ್ನೊಬ್ಬ ಅಭ್ಯರ್ಥಿ ಮಾತ್ರ ಮಾತಾಡ್ತಾನೆ. ಕರಾವಳಿಯ ಗಾಳಿ ಬಗ್ಗೆ." ಅಷ್ಟು ಹೇಳಿ ಫೋನಿಟ್ಟರು.

ಗುರುವಾರ ಹನ್ನೊಂದಕ್ಕೆ ಅವಳು ಕಾಡಿನಿಂದ ರಸ್ತೆಗೆ ಬಂದಳು. ಚೀಲ ತುಂಬಿತ್ತು. ಕೈಗವಸಿನ ಬೆರಳು ಹರಿದು ಉಗುರಿನ ಸಂದಿಯಲ್ಲಿ ರಕ್ತ, ಮಣ್ಣು ಮೆತ್ತಿತ್ತು. ನಲವತ್ತೇಳು ಜಾಗ ಮುಗಿದಿತ್ತು. ಅದರಲ್ಲಿ ಮೂವತ್ತೊಂಬತ್ತರಲ್ಲಿ ವಿಷ. ಇಟ್ಟವನು ಶ್ರದ್ಧೆಯ ಮನುಷ್ಯ, ಅವಳ ಪ್ರಬಂಧವನ್ನು ಅವನಷ್ಟು ಗಮನವಿಟ್ಟು ಬೇರೆ ಯಾರೂ ಓದಿರಲಾರರು.

ಹನ್ನೊಂದು ಜನ ರಸ್ತೆಯ ಏರಿಯ ಮೇಲೆ ಸಾಲಾಗಿ ನಿಂತಿದ್ದರು. ಎರಡು ದಿನವೂ ಹಾಗೇ ನಿಂತಿದ್ದರು. ವರ್ಷದ ಅತ್ಯುತ್ತಮ ವಾರ, ಆದರೆ ಒಬ್ಬನ ಗುದ್ದಲಿಯೂ ಮಣ್ಣು ಮುಟ್ಟಿರಲಿಲ್ಲ. ನಾಯಿಗಳು ಬಿಗಿ ಹಗ್ಗದಲ್ಲಿ ಕಾಡಿನತ್ತ ಮೂಗು ಚಾಚಿ ಕುಂಯ್‌ಗುಡುತ್ತಿದ್ದವು. ಅವಳು ಚೀಲವನ್ನು ಕಬ್ಬಿಣದ ಡಬ್ಬಕ್ಕೆ ಸುರಿದಳು. ಡುಯಿಲಿಯೊ ಥರ್ಮಾಸಿನಿಂದ ಬಿಸಿ ಸೂಪು ಬಗ್ಗಿಸಿ ಕೊಟ್ಟ, ಎರ್ಮಿನಿಯಾ ಮಾಡಿ ಕಳಿಸಿದ್ದು.

ಒರಿಯಾನೊ ಹತ್ತಿರ ಬಂದ. "ನನ್ನದರಲ್ಲಿ ಎಷ್ಟು?"

"ನಾಲ್ಕರಲ್ಲಿ ಇತ್ತು. ಒಂದರಲ್ಲಿ ಇರಲಿಲ್ಲ."

"ಯಾವುದರಲ್ಲಿ ಇರಲಿಲ್ಲ?"

ಅವಳು ಅವನ ಕಿವಿಯ ಹತ್ತಿರ ಬಗ್ಗಿ ಹೇಳಿದಳು. ಅವನು ತಲೆಯಾಡಿಸಿದ. ಆಮೇಲೆ ಅದೇ ಸಣ್ಣ ದನಿಯಲ್ಲಿ, "ಡುಯಿಲಿಯೊನ ಆರನೇದು ಎಲ್ಲಿದೆ?" ಎಂದ. "ಕಾಲುವೆ ಆಚೆ ತಾನೇ? ನಂಗೆ ಅರ್ಧ ಗೊತ್ತು. ಹೂಂ ಅಂದ್ರೆ ಸಾಕು."

"ಹೇಳಲ್ಲ ಬಾರ್ಬಾ."

"ಊರಿಗೆಲ್ಲ ಹೇಳಿ ಆಯ್ತಲ್ಲ. ಇನ್ನು ನನ್ನೊಬ್ಬನಿಗೆ ಹೇಳಿದ್ರೆ ಏನು ಹೋಗುತ್ತೆ?"

"ಹೇಳಲ್ಲ."

ಅವನು ಅವಳನ್ನು ಬಹಳ ಹೊತ್ತು ನೋಡಿದ. ಕ್ಷಮಿಸಿದ ಮುಖವಲ್ಲ ಅದು. ಗಿರಾಕಿ ತಂದ ತಕ್ಕಡಿಯನ್ನು ಅನುಮಾನದಿಂದ ನೋಡುವವನ ಮುಖ.

"ಹದಿನಾಲ್ಕು ಉಳಿದಿದೆ," ಎಂದ. "ಮೋಡ ಇಳೀತಿದೆ. ಹೋಗು."

ಮತ್ತೆ ಸಾಲಿಗೆ ಹೋಗಿ ನಿಂತು, ಕಾಡಿಗೆ ಬೆನ್ನು ಹಾಕಿದ. ಪಕ್ಕದವನು ಅವನನ್ನು ನೋಡಿ ತಾನೂ ತಿರುಗಿದ. ಹಾಗೇ ಒಬ್ಬೊಬ್ಬರಾಗಿ ಹನ್ನೊಂದು ಜನವೂ ಅವಳು ಯಾವ ದಾರಿ ಹಿಡಿಯುತ್ತಾಳೆಂದು ಕಾಣದ ಹಾಗೆ ನದಿಯ ಕಡೆ ಮುಖ ಮಾಡಿದರು. ನಾಯಿಗಳು ತಿರುಗಲಿಲ್ಲ. ಒರಿಯಾನೊ ಹಿಂದೆ ನೋಡದೆಯೇ ಕೈ ಚಾಚಿ ತನ್ನ ನಾಯಿಯ ಮುಖವನ್ನು ಹಿಡಿದು ಆಚೆಗೆ ತಿರುಗಿಸಿದ.

ನೆವಿಯಾ ಖಾಲಿ ಚೀಲ ಮಡಚಿಕೊಂಡು ಕಾಡಿಗಿಳಿದಳು. ಮೊದಲ ನೂರು ಹೆಜ್ಜೆ ಬೇಕೆಂದೇ ಎಡಕ್ಕೆ ನಡೆದಳು, ಒಣ ಎಲೆ ಸದ್ದಾಗುವಂತೆ ತುಳಿಯುತ್ತ. ಅವಳು ಹೋಗಬೇಕಾದದ್ದು ಬಲಕ್ಕೆ.